ಮೀನಿನ ಟ್ಯಾಂಕಿಗೆ ಉಪ್ಪು: ಯಾವಾಗ, ಎಷ್ಟು, ಯಾಕೆ

(ಬೆಂಗಳೂರಿನಲ್ಲಿ ಮೀನು ಸಾಕುವ ಗೆಳೆಯರ ಮುಂದೆ ಮಾತಾಡಿದ್ದನ್ನು ಬರಹಕ್ಕೆ ಇಳಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೀನು ಸ್ವಲ್ಪ ಮಂಕಾದರೆ ಸಾಕು, ಅಂಗಡಿಯಲ್ಲಿ ಸಿಗುವ ಮೊದಲ ಸಲಹೆ ಒಂದೇ: "ಸ್ವಲ್ಪ ಉಪ್ಪು ಹಾಕಿ, ಸರಿ ಹೋಗುತ್ತೆ." ಬಿಳಿ ಚುಕ್ಕೆ ಬಂದರೂ ಉಪ್ಪು, ರೆಕ್ಕೆ ಹರಿದರೂ ಉಪ್ಪು, ಹೊಟ್ಟೆ ಊದಿದರೂ ಉಪ್ಪು. ಅದೇ ಟ್ಯಾಂಕಿನಲ್ಲಿ ಗಿಡ ಬೆಳೆಸುವವರನ್ನು ಕೇಳಿ ನೋಡಿ. ಸಿಹಿನೀರಿನ ಮೀನಿಗೆ ಉಪ್ಪು ಯಾಕೆ, ಮುಟ್ಟಲೇಬೇಡಿ ಅನ್ನುತ್ತಾರೆ. ಎರಡೂ ಕಡೆಯವರು ಮೀನನ್ನು ಪ್ರೀತಿಯಿಂದಲೇ ಸಾಕುತ್ತಾರೆ. ಆದರೆ ಆ ಉಪ್ಪು ನೀರಿಗೆ ಬಿದ್ದ ಮೇಲೆ ಏನು ಕೆಲಸ ಮಾಡುತ್ತದೆ ಅನ್ನುವುದನ್ನು ಕೇಳುವವರು ಕಡಿಮೆ.

ನನ್ನ ಮಟ್ಟಿಗೆ ಉಪ್ಪು ಒಂದು ಔಷಧಿ. ಔಷಧಿ ಅಂದ ಮೇಲೆ ಇಂಥ ಕಾಯಿಲೆಗೆ ಅಂತ ಇರಬೇಕು, ಅಳತೆ ಇರಬೇಕು, ನಿಲ್ಲಿಸುವ ದಿನವೂ ಇರಬೇಕು. ಈ ಮೂರೂ ಗೊತ್ತಿದ್ದರೆ ಇಷ್ಟು ಅಗ್ಗದ, ಇಷ್ಟು ಒಳ್ಳೆಯ ಔಷಧಿ ಇನ್ನೊಂದಿಲ್ಲ. ಗೊತ್ತಿಲ್ಲದಿದ್ದರೆ ಸುಮ್ನೆ ನೀರು ಉಪ್ಪಾಗುತ್ತದೆ, ಅಷ್ಟೇ.

ಮೊದಲು ಮೀನಿನ ಮೈಯೊಳಗೆ ಏನು ನಡೆಯುತ್ತದೆ ನೋಡೋಣ. ಒಂದು ಲೀಟರ್ ನೀರಿಗೆ 8ರಿಂದ 9 ಗ್ರಾಂ ಉಪ್ಪು ಕರಗಿಸಿದರೆ ಎಷ್ಟು ಉಪ್ಪಾಗುತ್ತದೋ, ಸಿಹಿನೀರಿನ ಮೀನಿನ ರಕ್ತ ಹೆಚ್ಚುಕಡಿಮೆ ಅಷ್ಟು ಉಪ್ಪಾಗಿರುತ್ತದೆ. ಹೊರಗಿನ ನೀರಿನಲ್ಲಿ ಉಪ್ಪಿನ ಲೆಕ್ಕ ಗ್ರಾಂಗಳಲ್ಲಿ ಅಲ್ಲ, ಮಿಲಿಗ್ರಾಂಗಳಲ್ಲಿ. ಉಪ್ಪು ಕಡಿಮೆ ಇರುವ ಕಡೆಯಿಂದ ಜಾಸ್ತಿ ಇರುವ ಕಡೆಗೆ ನೀರು ಹರಿಯುತ್ತದೆ. ಒಣದ್ರಾಕ್ಷಿಯನ್ನು ನೀರಲ್ಲಿ ನೆನೆಹಾಕಿದರೆ ಊದಿಕೊಳ್ಳುತ್ತದಲ್ಲ, ಆ ಒತ್ತಡವೇ ಮೀನಿನ ಮೇಲೂ ಹಗಲು ರಾತ್ರಿ ಇರುತ್ತದೆ. ನೀರು ಒಳಗೆ ನುಗ್ಗುತ್ತಲೇ ಇರುತ್ತದೆ, ಅದರಲ್ಲೂ ಕಿವಿರಿನ ಮೂಲಕ. ಉಸಿರಾಟಕ್ಕೆ ಕಿವಿರಿನ ಚರ್ಮ ತುಂಬ ತೆಳುವಾಗಿರಲೇಬೇಕು. ಹಾಗೆ ತೆಳುವಾಗಿರುವುದರಿಂದಲೇ ನೀರು ಒಳಗೆ ಬರುತ್ತದೆ, ಉಪ್ಪು ಹೊರಗೆ ಸೋರುತ್ತದೆ.

ಇದಕ್ಕೆ ಮೀನು ಎರಡು ಕೆಲಸ ಮಾಡುತ್ತದೆ. ಬಂದ ನೀರನ್ನೆಲ್ಲ ಮೂತ್ರಪಿಂಡ ತೆಳು ಮೂತ್ರ ಮಾಡಿ ಹೊರಗೆ ಹಾಕುತ್ತದೆ. ಸೋರಿದ ಉಪ್ಪನ್ನು ಕಿವಿರಿನಲ್ಲಿರುವ ವಿಶೇಷ ಜೀವಕೋಶಗಳು ಹೊರಗಿನ ನೀರಿನಿಂದ ಎಳೆದುಕೊಳ್ಳುತ್ತವೆ. ಇದನ್ನು ಚೆನ್ನಾಗಿ ತೋರಿಸಿಕೊಟ್ಟವರು ಡೆನ್ಮಾರ್ಕಿನ ಆಗಸ್ಟ್ ಕ್ರೋಗ್. 1920ರಲ್ಲೇ ನೊಬೆಲ್ ಪಡೆದಿದ್ದ ಶರೀರಶಾಸ್ತ್ರಜ್ಞ ಅವರು. 1930ರ ದಶಕದಲ್ಲಿ ಅವರು ಗೋಲ್ಡ್‌ಫಿಶ್ ಮುಂತಾದ ಸಿಹಿನೀರಿನ ಪ್ರಾಣಿಗಳನ್ನು ಬಟ್ಟಿ ಇಳಿಸಿದ ನೀರಿನಲ್ಲಿಟ್ಟು ಮೈಯ ಉಪ್ಪು ಕಡಿಮೆಯಾಗುವಂತೆ ಮಾಡಿದರು. ಆಮೇಲೆ ಬಹಳ ತೆಳುವಾದ ಉಪ್ಪುನೀರಿಗೆ ಬಿಟ್ಟರು. ಅಷ್ಟು ತೆಳು ನೀರಿನಿಂದಲೂ ಅವು ಉಪ್ಪಿನ ಒಂದು ಅಂಶವಾದ ಕ್ಲೋರೈಡ್ ಅನ್ನು ಮೈಯೊಳಗೆ ಎಳೆದುಕೊಂಡವು. ಇದು ಪುಕ್ಕಟೆ ಆಗುವ ಕೆಲಸ ಅಲ್ಲ. ತಿಂದ ಆಹಾರದ ಶಕ್ತಿಯಲ್ಲಿ ಒಂದು ಪಾಲು ಇದಕ್ಕೇ ಹೋಗುತ್ತದೆ.

ಆರೋಗ್ಯವಾಗಿರುವ ಮೀನಿಗೆ ಇದೇನೂ ಕಷ್ಟವಲ್ಲ. ಅದರ ವಂಶವೇ ಹೀಗೆ ಬದುಕಿಕೊಂಡು ಬಂದಿದೆ. ಕಷ್ಟ ಶುರುವಾಗುವುದು ಹಿಡಿದಾಗ, ಗಾಯವಾದಾಗ, ಹೆದರಿದಾಗ. ಬಲೆ ಹಾಕಿ ಹಿಡಿದ ಮೀನು ಜೋರಾಗಿ ಉಸಿರಾಡುತ್ತದೆ, ಕಿವಿರಿಗೆ ರಕ್ತ ಜಾಸ್ತಿ ಹರಿಯುತ್ತದೆ. ಆಮ್ಲಜನಕ ಜಾಸ್ತಿ ಸಿಗುತ್ತದೆ ನಿಜ, ಆದರೆ ಅದೇ ದಾರಿಯಲ್ಲಿ ಉಪ್ಪೂ ಜಾಸ್ತಿ ಸೋರುತ್ತದೆ. ಬಲೆಗೆ ಉಜ್ಜಿ ಲೋಳೆ ಹೋಗಿದ್ದರೆ, ಹುರುಪೆ ಕಿತ್ತಿದ್ದರೆ, ಆ ಜಾಗದಿಂದಲೂ ಸೋರಿಕೆ. ನಮ್ಮ ಅಂಗಡಿಗಳಿಗೆ ಬರುವ ಮೀನಿನಲ್ಲಿ ತುಂಬಾ ಪಾಲು ಚೆನ್ನೈನ ಕೊಳತ್ತೂರಿನಿಂದಲೋ ಕೋಲ್ಕತ್ತಾದಿಂದಲೋ ಬರುತ್ತದೆ. ಸಾಕಿದ ತೊಟ್ಟಿಯಿಂದ ಬಲೆ, ಬಲೆಯಿಂದ ಚೀಲ, ಚೀಲದಿಂದ ಅಂಗಡಿಯ ಟ್ಯಾಂಕು, ಅಲ್ಲಿಂದ ಮತ್ತೆ ಬಲೆ, ಮತ್ತೆ ಚೀಲ, ಆಮೇಲೆ ನಮ್ಮ ಮನೆ. ಪ್ರತಿ ಸಲವೂ ಅದು ಒಂದಿಷ್ಟು ಉಪ್ಪು ಕಳೆದುಕೊಂಡಿರುತ್ತದೆ. ತಂದ ಮೀನು ಮೊದಲ ದಿನ ಚೆನ್ನಾಗಿದ್ದು ಎರಡನೇ ದಿನಕ್ಕೋ ಮೂರನೇ ದಿನಕ್ಕೋ ಸತ್ತರೆ, ಅದಕ್ಕೆ ಇದೂ ಒಂದು ಕಾರಣ ಇರಬಹುದು.

ಇಂಥ ಹೊತ್ತಿನಲ್ಲಿ ಲೀಟರಿಗೆ 1 ಗ್ರಾಂ ಉಪ್ಪು ಮೀನಿನ ಹೊರೆಯನ್ನು ಇಳಿಸುತ್ತದೆ. ಒಳಗೂ ಹೊರಗೂ ಇರುವ ವ್ಯತ್ಯಾಸ ಸ್ವಲ್ಪ ಕಡಿಮೆಯಾಗುತ್ತದೆ, ಸೋರಿದ್ದನ್ನು ತುಂಬಿಕೊಳ್ಳಲು ಹತ್ತಿರದಲ್ಲೇ ಉಪ್ಪು ಸಿಗುತ್ತದೆ. ಮೀನುಮರಿ ಸಾಗಿಸುವವರು ಲೀಟರಿಗೆ 1ರಿಂದ 3 ಗ್ರಾಂ ಉಪ್ಪು ಹಾಕುವುದು ಇದಕ್ಕೇ. ಹೊಸ ಮೀನನ್ನು ಮೊದಲು ಬೇರೆ ತೊಟ್ಟಿಯಲ್ಲಿ ಇಡುತ್ತೀರಲ್ಲ, ಅಲ್ಲಿ ಮೊದಲ ವಾರ ಈ 1 ಗ್ರಾಂ ಹಾಕಿದರೆ ಸಾಕು. ಬೇರೆ ತೊಟ್ಟಿ ಇಲ್ಲವಾ? ದಯವಿಟ್ಟು ಒಂದು ಮಾಡಿಕೊಳ್ಳಿ. ದುಬಾರಿ ಗಾಜಿನ ಟ್ಯಾಂಕೇ ಆಗಬೇಕೆಂದಿಲ್ಲ. ಸೋಪು ತಾಗಿರದ 30 ಲೀಟರಿನ ಪ್ಲಾಸ್ಟಿಕ್ ಟಬ್ಬು, ಒಂದು ಸ್ಪಂಜ್ ಫಿಲ್ಟರ್, ಒಂದು ಏರ್ ಪಂಪ್ ಸಾಕು. ಉಪ್ಪಿನ ಚಿಕಿತ್ಸೆಯಲ್ಲಿ ಅರ್ಧ ಕೆಲಸ ಈ ಟಬ್ಬಿನದ್ದು.

ಈಗ ನೈಟ್ರೈಟ್ ವಿಷಯ. ನಮ್ಮ ಹವ್ಯಾಸದಲ್ಲಿ ಇದರ ಬಗ್ಗೆ ಮಾತು ಕಡಿಮೆ. ಆದರೆ ಉಪ್ಪಿನ ಅತ್ಯಂತ ಖಚಿತವಾದ ಉಪಯೋಗ ಇಲ್ಲೇ ಇದೆ.

ಹೊಸ ಟ್ಯಾಂಕಿನಲ್ಲಿ ಮೊದಲು ಮೀನಿನ ಹೊಲಸಿನಿಂದ ಅಮೋನಿಯಾ ಏರುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಈ ಎರಡನೆಯದು ನಿಧಾನವಾಗಿ ಬೆಳೆಯುತ್ತದೆ. ಅದಕ್ಕೇ ಟ್ಯಾಂಕ್ ಶುರು ಮಾಡಿ ಎರಡು ಮೂರು ವಾರ ಆದ ಮೇಲೆ, ಎಲ್ಲ ಸರಿಯಾಯಿತು ಅಂದುಕೊಳ್ಳುವ ಹೊತ್ತಿಗೆ, ನೈಟ್ರೈಟ್ ಏರುತ್ತದೆ. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ. ಏರೇಟರ್ ಜೋರಾಗಿಯೇ ಓಡುತ್ತಿರುತ್ತದೆ, ನೀರಿನಲ್ಲಿ ಗಾಳಿಗೆ ಕೊರತೆ ಇರುವುದಿಲ್ಲ. ಕಿವಿರಿನ ಮುಚ್ಚಳ ತೆರೆದಾಗ ಒಳಗೆ ಕಡುಗೆಂಪು ಕಾಣಬೇಕಾದ ಕಡೆ ಚಾಕೊಲೇಟಿನಂಥ ಕಂದು ಬಣ್ಣ ಕಾಣುತ್ತದೆ. ನೈಟ್ರೈಟ್ ರಕ್ತದ ಹಿಮೋಗ್ಲೋಬಿನ್ ಅನ್ನು ಆಮ್ಲಜನಕ ಹೊರಲಾರದ ಹಾಗೆ ಬದಲಿಸಿಬಿಡುತ್ತದೆ. ನೀರಿನಲ್ಲಿ ಎಷ್ಟು ಗಾಳಿ ಇದ್ದರೂ ಅದನ್ನು ಹೊತ್ತುಕೊಂಡು ಹೋಗುವವರಿಲ್ಲ.

ಈ ನೈಟ್ರೈಟ್ ರಕ್ತಕ್ಕೆ ಹೇಗೆ ಬಂತು? ಕ್ಲೋರೈಡ್ ಎಳೆದುಕೊಳ್ಳುವ ಜೀವಕೋಶಗಳ ಬಗ್ಗೆ ಈಗಷ್ಟೇ ಹೇಳಿದೆ. ನೈಟ್ರೈಟ್ ಅದೇ ದಾರಿಯಲ್ಲಿ ಒಳಗೆ ಹೋಗುತ್ತದೆ. ನೀರಿನಲ್ಲಿ ಕ್ಲೋರೈಡ್ ಕಡಿಮೆ ಇದ್ದರೆ ನೈಟ್ರೈಟಿಗೆ ದಾರಿ ಸಲೀಸು. ಕ್ಲೋರೈಡ್ ಜಾಸ್ತಿ ಇದ್ದರೆ ಅದೇ ಮೊದಲು ಒಳಗೆ ಹೋಗುತ್ತದೆ, ನೈಟ್ರೈಟ್ ಹೊರಗೇ ಉಳಿಯುತ್ತದೆ. ಇದು ಗೊತ್ತಾದದ್ದು 1970ರ ದಶಕದಲ್ಲಿ. ಅಮೆರಿಕದ ಮಿಸ್ಸಿಸಿಪ್ಪಿ ಕಡೆಯ ಕ್ಯಾಟ್‌ಫಿಶ್ ಕೊಳಗಳಲ್ಲಿ ಈ ಕಂದು ರಕ್ತದ ಕಾಯಿಲೆ ದೊಡ್ಡ ತಲೆನೋವು. ಅಲ್ಲಿಯ ರೈತರು ಮುಂಚಿತವಾಗಿಯೇ ಕೊಳಕ್ಕೆ ಉಪ್ಪು ಹಾಕಿ ಇಡುತ್ತಾರೆ. ಅಲ್ಲಿ ಬಳಕೆಯಲ್ಲಿರುವ ಲೆಕ್ಕ ಇದು: ನೈಟ್ರೈಟ್ 1 ಪಾಲು ಇದ್ದರೆ ಕ್ಲೋರೈಡ್ ಕನಿಷ್ಠ 10 ಪಾಲು ಇರಬೇಕು.

ನಮ್ಮ ಟ್ಯಾಂಕಿಗೆ ಈ ಲೆಕ್ಕ ಇಳಿಸಿ ನೋಡಿ. ಉಪ್ಪಿನ ತೂಕದಲ್ಲಿ ನೂರಕ್ಕೆ ಸುಮಾರು 60 ಪಾಲು ಕ್ಲೋರೈಡ್. 10 ಲೀಟರಿಗೆ ಬರೀ 1 ಗ್ರಾಂ ಉಪ್ಪು ಹಾಕಿದರೆ ಲೀಟರಿಗೆ 60 ಮಿಲಿಗ್ರಾಂ ಕ್ಲೋರೈಡ್ ಸಿಗುತ್ತದೆ. ಲೀಟರಿಗೆ 6 ಮಿಲಿಗ್ರಾಂ ನೈಟ್ರೈಟ್ ಇದ್ದರೂ ಅದು ತಡೆಯುತ್ತದೆ. ಲೀಟರಿಗೆ ಹತ್ತನೇ ಒಂದು ಗ್ರಾಂ! ಇಷ್ಟು ಕಡಿಮೆ ಉಪ್ಪಿನಿಂದ ಗಿಡಕ್ಕೂ ತೊಂದರೆ ಇಲ್ಲ, ಜಾಸ್ತಿ ಉಪ್ಪು ತಡೆಯದ ಕೋರಿ ಮೀನಿಗೂ ತೊಂದರೆ ಇಲ್ಲ. ಒಂದು ಎಚ್ಚರಿಕೆ: ಕೆಲವು ಟೆಸ್ಟ್ ಕಿಟ್ಟುಗಳು ನೈಟ್ರೈಟನ್ನು ಸಾರಜನಕದ ಲೆಕ್ಕದಲ್ಲಿ ತೋರಿಸುತ್ತವೆ. ಡಬ್ಬಿಯ ಮೇಲೆ ಹಾಗೆ ಬರೆದಿದ್ದರೆ ಆ ಸಂಖ್ಯೆಯನ್ನು 3.3ರಿಂದ ಗುಣಿಸಿಕೊಳ್ಳಿ. ಇನ್ನೊಂದು ಮಾತು, ಉಪ್ಪು ನೈಟ್ರೈಟನ್ನು ತೆಗೆಯುವುದಿಲ್ಲ, ಅದು ಮೈಯೊಳಗೆ ಹೋಗದಂತೆ ತಡೆಯುತ್ತದೆ ಅಷ್ಟೇ. ನೀರು ಬದಲಿಸುವ ಕೆಲಸ ತಪ್ಪುವುದಿಲ್ಲ. ಅಮೋನಿಯಾ ಏರಿದ್ದರೆ ಅದರ ವಿರುದ್ಧ ಉಪ್ಪಿನಿಂದ ಈ ಉಪಕಾರವೂ ಇಲ್ಲ.

ಬಿಳಿ ಚುಕ್ಕೆ ರೋಗಕ್ಕೆ ಬರೋಣ. ಎಲ್ಲರೂ 'ಇಕ್' ಅನ್ನುತ್ತಾರೆ. ಬೆಂಗಳೂರಿನಲ್ಲಿ ಡಿಸೆಂಬರ್, ಜನವರಿ ಬಂತೆಂದರೆ ಇದರ ಕಾಲ. ಹೀಟರ್ ಇಲ್ಲದ ಟ್ಯಾಂಕಿನಲ್ಲಿ ರಾತ್ರಿ ನೀರು ತಣ್ಣಗಾಗುತ್ತದೆ, ಮೀನಿನ ರೋಗ ತಡೆಯುವ ಶಕ್ತಿ ಕುಗ್ಗುತ್ತದೆ, ಚುಕ್ಕೆ ಕಾಣಿಸಿಕೊಳ್ಳುತ್ತದೆ. ಮೊದಲು ಮೀನು ಕಲ್ಲಿಗೋ ಫಿಲ್ಟರಿನ ಪೈಪಿಗೋ ಮೈ ಉಜ್ಜುತ್ತದೆ. ಮಾರನೇ ದಿನ ಬಾಲದ ರೆಕ್ಕೆಯಲ್ಲಿ ಸಕ್ಕರೆ ಹರಳಿನಷ್ಟು ಬಿಳಿ ಕಾಳು. ಟಾರ್ಚ್ ಓರೆಯಾಗಿ ಹಿಡಿದು ನೋಡಿದರೆ ಚುಕ್ಕೆ ಚರ್ಮದ ಮೇಲೆ ಕೂತಿಲ್ಲ, ಚರ್ಮದ ಅಡಿಯಲ್ಲಿ ಉಬ್ಬಿದೆ ಅನ್ನುವುದು ಕಾಣುತ್ತದೆ. ಚಿಕಿತ್ಸೆ ಅರ್ಥವಾಗಬೇಕಾದರೆ ಇದನ್ನು ಕಣ್ಣಾರೆ ನೋಡಬೇಕು.

ಯಾಕಂದರೆ ಚರ್ಮದಡಿ ಇರುವ ಆ ಜೀವಿಗೆ ನಾವು ಹಾಕುವ ಉಪ್ಪು ತಾಗುವುದೇ ಇಲ್ಲ. ಅದು ಅಲ್ಲಿ ತಿಂದು ಬೆಳೆದು, ಉದುರಿ ತಳಕ್ಕೆ ಬೀಳುತ್ತದೆ. ಜಲ್ಲಿಗೋ ಗಾಜಿಗೋ ಎಲೆಗೋ ಅಂಟಿಕೊಂಡು, ಸುತ್ತ ಒಂದು ಗೋಡೆ ಕಟ್ಟಿಕೊಂಡು, ಒಳಗೆ ಒಡೆದು ನೂರಾರು ಮರಿಯಾಗುತ್ತದೆ. ಆ ಮರಿಗಳು ನೀರಿಗೆ ಬಂದು ಈಜುತ್ತಾ ಮೀನನ್ನು ಹುಡುಕುತ್ತವೆ. ಒಂದೆರಡು ದಿನದಲ್ಲಿ ಮೀನು ಸಿಗದಿದ್ದರೆ ಸಾಯುತ್ತವೆ. ಉಪ್ಪು ಕೊಲ್ಲುವುದು ಈ ಈಜುವ ಮರಿಗಳನ್ನು ಮಾತ್ರ. ಲೀಟರಿಗೆ 2ರಿಂದ 3 ಗ್ರಾಂ ಉಪ್ಪನ್ನು ಅವು ತಡೆಯಲಾರವು.

ಹಾಗಾಗಿ ಉಪ್ಪು ಹಾಕಿದ ಮಾರನೇ ದಿನ ಚುಕ್ಕೆ ಕಡಿಮೆಯಾಗಿಲ್ಲ, ಇನ್ನೂ ಎರಡು ಜಾಸ್ತಿಯೇ ಆಗಿವೆ ಅಂತ ಗಾಬರಿಯಾಗಬೇಡಿ. ಮೊದಲೇ ಒಳಗೆ ಸೇರಿದ್ದವು ಈಗ ಬೆಳೆದು ಕಾಣಿಸಿಕೊಂಡಿವೆ. ಗಾಬರಿಯಲ್ಲಿ ನೀಲಿ ಔಷಧಿಯನ್ನೂ ಹಳದಿ ಔಷಧಿಯನ್ನೂ ಒಟ್ಟಿಗೆ ಸುರಿಯಬೇಡಿ. ಚುಕ್ಕೆ ಮಾಯವಾದ ದಿನವೇ ಉಪ್ಪು ತೆಗೆಯಲೂ ಬೇಡಿ. ಮೀನಿನ ಮೈಮೇಲೆ ಚುಕ್ಕೆ ಇಲ್ಲ ಅಂದರೆ ಅವೆಲ್ಲ ತಳದಲ್ಲಿ ಒಡೆಯುತ್ತಿವೆ ಅಂತಲೇ ಅರ್ಥ. ಉಪ್ಪಿನ ನಿಜವಾದ ಕೆಲಸ ಆಗಬೇಕಾದದ್ದು ಆಗ.

ನಾನು ಮಾಡುವ ಕ್ರಮ ಹೇಳುತ್ತೇನೆ. ಮೊದಲ ದಿನ ಬೆಳಿಗ್ಗೆ ಲೀಟರಿಗೆ 1 ಗ್ರಾಂ, ಸಂಜೆ ಇನ್ನೊಂದು, ಮರುದಿನ ಬೆಳಿಗ್ಗೆ ಮೂರನೆಯದು. ಒಂದೇ ಸಲಕ್ಕೆ ಸುರಿಯುವುದಿಲ್ಲ. ಟ್ಯಾಂಕಿನ ನೀರನ್ನೇ ಒಂದು ಮಗ್ಗಿನಲ್ಲಿ ತೆಗೆದು, ಉಪ್ಪು ಪೂರ್ತಿ ಕರಗಿಸಿ, ಫಿಲ್ಟರಿನ ನೀರು ಬೀಳುವ ಜಾಗದಲ್ಲಿ ನಿಧಾನವಾಗಿ ಬಿಡುತ್ತೇನೆ. ಕಲ್ಲುಪ್ಪನ್ನು ಹಾಗೇ ಎಸೆದರೆ ಅದು ತಳದಲ್ಲಿ ಕೂತು ಕರಗುತ್ತದೆ. ತಿಂಡಿ ಅಂದುಕೊಂಡು ಗೋಲ್ಡ್‌ಫಿಶ್ ಬಾಯಿ ಹಾಕುತ್ತದೆ, ಇಲ್ಲವೇ ತಳದಲ್ಲಿ ಮಲಗುವ ಮೀನಿಗೆ ಮೈ ಸುಡುತ್ತದೆ. ಜೊತೆಗೆ ಹೀಟರ್ ಹಾಕಿ ದಿನಕ್ಕೆ ಒಂದೆರಡು ಡಿಗ್ರಿಯಂತೆ 28ರ ತನಕ ಏರಿಸುತ್ತೇನೆ. ಬಿಸಿ ರೋಗವನ್ನು ಕೊಲ್ಲಲಿ ಅಂತಲ್ಲ, ಅದರ ಜೀವನಚಕ್ರ ಬೇಗ ಬೇಗ ತಿರುಗಲಿ ಅಂತ. 25 ಡಿಗ್ರಿಯ ಆಸುಪಾಸಿನಲ್ಲಿ ಒಂದು ವಾರದೊಳಗೆ ಮುಗಿಯುವ ಚಕ್ರ, ತಣ್ಣನೆ ನೀರಿನಲ್ಲಿ ವಾರಗಟ್ಟಲೆ ಎಳೆಯುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ, ಆದ್ದರಿಂದ ಏರೇಟರ್ ಜೋರಾಗಿರಬೇಕು. ಎರಡು ದಿನಕ್ಕೊಮ್ಮೆ ಜಲ್ಲಿಯ ತಳ ಹೀರಿ ಸ್ವಚ್ಛ ಮಾಡಿದರೆ ಅಂಟಿಕೊಂಡಿರುವ ಗೂಡುಗಳಲ್ಲಿ ಒಂದಿಷ್ಟು ಹಾಗೇ ಹೊರಗೆ ಹೋಗುತ್ತವೆ. ಹತ್ತರಿಂದ ಹದಿನಾಲ್ಕು ದಿನ, ಏನೇ ಆದರೂ ನಡುವೆ ನಿಲ್ಲಿಸಬಾರದು.

ಅದ್ದುವ ಚಿಕಿತ್ಸೆ ಬೇರೆ. ಮೈಮೇಲೆ ಹತ್ತಿಯಂತೆ ಬೂಷ್ಟು ಬಂದ ಗೋಲ್ಡ್‌ಫಿಶ್, ಕೊಯ್ ಮೀನುಗಳಿಗೆ ಇದು ಚೆನ್ನಾಗಿ ಹಿಡಿಯುತ್ತದೆ. ಬಕೆಟ್ಟಿನಲ್ಲಿ ಅದೇ ಟ್ಯಾಂಕಿನ 10 ಲೀಟರ್ ನೀರು, 100 ಗ್ರಾಂ ಉಪ್ಪು, ಒಂದು ಏರ್ ಸ್ಟೋನ್. ಮೀನನ್ನು ಬಿಟ್ಟು 5 ನಿಮಿಷ, ತಡೆದರೆ 10 ನಿಮಿಷ. ಈ ಹೊತ್ತಿನಲ್ಲಿ ಫೋನ್ ಬಂದರೂ ಎತ್ತಬೇಡಿ, ಕಣ್ಣು ಮೀನಿನ ಮೇಲೇ ಇರಲಿ. ಮೊದಲು ಅದು ಚುರುಕಾಗಿ ಸುತ್ತು ಹೊಡೆಯುತ್ತದೆ, ಲೋಳೆ ಎಳೆ ಎಳೆಯಾಗಿ ಬಿಡುತ್ತದೆ. ಅದು ಸಹಜ. ಪಕ್ಕಕ್ಕೆ ವಾಲಿತು, ಸಮತೋಲ ತಪ್ಪಿತು ಅಂದರೆ ಗಡಿಯಾರ ನೋಡುತ್ತಾ ಕೂರಬೇಡಿ, ಆ ಕ್ಷಣವೇ ಎತ್ತಿ ಟ್ಯಾಂಕಿಗೆ ಬಿಡಿ. ನಿಯಾನ್, ಕೋರಿ, ಲೋಚ್ ಮೀನುಗಳಿಗೆ ಈ ಚಿಕಿತ್ಸೆ ಬೇಡ.

ಉಪ್ಪಿನಿಂದ ಆಗದ ಕೆಲಸಗಳೂ ಇವೆ. ಹುರುಪೆ ಎದ್ದು ನಿಂತು ಹೊಟ್ಟೆ ಊದಿದ ಮೀನಿಗೆ ಅಡುಗೆ ಉಪ್ಪು ಬೇಡ. ಅದರ ಮೈಯಲ್ಲಿ ಈಗಾಗಲೇ ನೀರು ನಿಂತಿದೆ, ಮೂತ್ರಪಿಂಡ ಸೋತಿದೆ. ಅಲ್ಲಿ ಹೇಳುವ ಎಪ್ಸಮ್ ಉಪ್ಪು ಮೆಗ್ನೀಸಿಯಂ ಸಲ್ಫೇಟ್, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಒಳಗಿನ ಹುಳ, ಆಳವಾದ ಹುಣ್ಣು, ಕಣ್ಣಿಗೆ ಕಾಣುವ ದಾರದಂಥ ಆಂಕರ್ ಹುಳ, ಇವು ಯಾವುದಕ್ಕೂ ಉಪ್ಪು ಮದ್ದಲ್ಲ. ರೆಕ್ಕೆ ಕೊಳೆಯುವುದಕ್ಕೆ ಮೊದಲ ಮದ್ದು ಶುಚಿಯಾದ ನೀರು.

ಯಾವ ಉಪ್ಪು? ಈ ಪ್ರಶ್ನೆಗೆ ಬೇಕಾದ್ದಕ್ಕಿಂತ ಜಾಸ್ತಿ ಚರ್ಚೆ ಆಗಿದೆ. ಚಂದದ ಡಬ್ಬಿಯಲ್ಲಿ 'ಅಕ್ವೇರಿಯಂ ಸಾಲ್ಟ್' ಅಂತ ಬರುವುದೂ ಸೋಡಿಯಂ ಕ್ಲೋರೈಡ್, ನಮ್ಮ ಕಿರಾಣಿ ಅಂಗಡಿಯ ಕಲ್ಲುಪ್ಪೂ ಸೋಡಿಯಂ ಕ್ಲೋರೈಡ್. ನಮ್ಮಲ್ಲಿ ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಅಘನಾಶಿನಿಯ ಅಳಿವೆ ನೀರನ್ನು ಗದ್ದೆಗೆ ಬಿಟ್ಟು ಬಿಸಿಲಿಗೆ ಒಣಗಿಸಿ ಉಪ್ಪು ತೆಗೆಯುತ್ತಾರಲ್ಲ, ಆ ಹರಳೂ ಆಗುತ್ತದೆ. ಸ್ವಲ್ಪ ಮಣ್ಣಿನ ಅಂಶ ಇದ್ದರೆ ಕರಗಿಸಿ ಸೋಸಿಕೊಳ್ಳಿ. ಅಯೋಡಿನ್ ಇರುವ ಉಪ್ಪು ಮೀನನ್ನು ಕೊಲ್ಲುತ್ತದೆ ಅನ್ನುವುದು ಬಹಳ ಹಳೆಯ ಹೆದರಿಕೆ. ಲೆಕ್ಕ ಹಾಕಿ: ನಮ್ಮ ಅಯೋಡಿನ್ ಉಪ್ಪಿನಲ್ಲಿ ಕಿಲೋಗೆ 15ರಿಂದ 30 ಮಿಲಿಗ್ರಾಂ ಅಯೋಡಿನ್ ಇರುತ್ತದೆ. ಲೀಟರಿಗೆ 3 ಗ್ರಾಂ ಉಪ್ಪು ಹಾಕಿದರೆ ಅದು ಲೀಟರಿಗೆ 0.1 ಮಿಲಿಗ್ರಾಂ ಕೂಡ ಆಗುವುದಿಲ್ಲ. ಆದರೂ ನಾನು ಪುಡಿ ಉಪ್ಪಿಗಿಂತ ಕಲ್ಲುಪ್ಪನ್ನೇ ಬಳಸುತ್ತೇನೆ. ಪುಡಿ ಉಪ್ಪು ಗಂಟು ಕಟ್ಟದಿರಲು ಬೇರೆ ಪದಾರ್ಥ ಸೇರಿಸಿರುತ್ತಾರೆ, ಅದು ಮೀನಿಗೆ ಯಾಕೆ ಬೇಕು? ಒಂದು ಮಾತ್ರ ಬೇಡವೇ ಬೇಡ: ಸಮುದ್ರದ ಮೀನಿನ ಟ್ಯಾಂಕಿಗೆ ಮಾಡಿದ ಮರೈನ್ ಸಾಲ್ಟ್. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಾರ್ಬೊನೇಟ್ ಎಲ್ಲ ಇದ್ದು ನೀರಿನ ಗಡಸುತನವನ್ನೂ ಪಿಎಚ್ ಅನ್ನೂ ಏರಿಸುತ್ತದೆ.

ಯಾವ ಉಪ್ಪು ಅನ್ನುವುದಕ್ಕಿಂತ ಎಷ್ಟು ಅನ್ನುವುದು ಮುಖ್ಯ. ಚಮಚದ ಲೆಕ್ಕ ಬಿಡಿ. ಕಲ್ಲುಪ್ಪಿನ ಒಂದು ಚಮಚಕ್ಕೂ ಪುಡಿ ಉಪ್ಪಿನ ಒಂದು ಚಮಚಕ್ಕೂ ತೂಕ ಬೇರೆ. ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿ ಸಾಕು. ಅದಕ್ಕಿಂತ ಮುಖ್ಯ, ನಿಮ್ಮ ಟ್ಯಾಂಕಿನಲ್ಲಿ ನಿಜವಾಗಿ ಎಷ್ಟು ನೀರಿದೆ ಅಂತ ತಿಳಿದುಕೊಳ್ಳುವುದು. ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕು ನಮ್ಮಲ್ಲಿ ಎಲ್ಲರ ಮನೆಯಲ್ಲೂ ಇದೆ. ಲೆಕ್ಕದ ಪ್ರಕಾರ ಅದು 56 ಲೀಟರ್. ಆದರೆ ನಾವು ಅಂಚಿನ ತನಕ ತುಂಬುವುದಿಲ್ಲ. ಎರಡು ಇಂಚು ಬಿಟ್ಟರೆ 47 ಲೀಟರ್. ತಳದಲ್ಲಿ ಎರಡು ಇಂಚು ಜಲ್ಲಿ, ಒಂದೆರಡು ಕಲ್ಲು, ಆ ಗೊಂಬೆಯ ಕೋಟೆ, ಎಲ್ಲ ಕಳೆದರೆ ಉಳಿಯುವ ನೀರು ಸುಮಾರು 40 ಲೀಟರ್. ಲೀಟರಿಗೆ 3 ಗ್ರಾಂ ಅಂದರೆ 120 ಗ್ರಾಂ. 56ರ ಲೆಕ್ಕದಲ್ಲಿ ಹಾಕಿದರೆ 168 ಗ್ರಾಂ ಬೀಳುತ್ತದೆ, ಅಂದರೆ ಲೀಟರಿಗೆ 4 ಗ್ರಾಂಗೂ ಮೇಲೆ. ಎಲ್ಲ ಮೀನೂ ಅದನ್ನು ತಡೆಯುವುದಿಲ್ಲ.

ನಿಮ್ಮಲ್ಲಿ ಹಲವರ ಹತ್ತಿರ ಟಿಡಿಎಸ್ ಪೆನ್, ಅಂದರೆ ನೀರಿನಲ್ಲಿ ಕರಗಿದ ಲವಣ ಅಳೆಯುವ ಪೆನ್, ಇದೆ ಅಲ್ವಾ? ಅದನ್ನು ಇಲ್ಲಿ ಬಳಸಿ. ಉಪ್ಪು ಹಾಕುವ ಮುಂಚೆ ಅಳೆದಿಟ್ಟುಕೊಳ್ಳಿ. ಲೀಟರಿಗೆ 1 ಗ್ರಾಂ ಹಾಕಿ ಚೆನ್ನಾಗಿ ಬೆರೆತ ಮೇಲೆ ಅದು ಸುಮಾರು 1000 ಜಾಸ್ತಿ ತೋರಿಸಬೇಕು. ತುಂಬಾ ಹೆಚ್ಚು ತೋರಿಸಿದರೆ ನಿಮ್ಮ ನೀರಿನ ಲೆಕ್ಕ ತಪ್ಪಿದೆ ಅಂತ ಅಲ್ಲೇ ಗೊತ್ತಾಗುತ್ತದೆ, ಮುಂದಿನ ಸಲದ ಉಪ್ಪನ್ನು ಕಡಿಮೆ ಮಾಡಬಹುದು. ಮತ್ತೊಂದು ವಿಷಯ ನೆನಪಿರಲಿ: ನೀರು ಆವಿಯಾದರೂ ಉಪ್ಪು ಆವಿಯಾಗುವುದಿಲ್ಲ. ಮಟ್ಟ ಇಳಿದದ್ದಕ್ಕೆ ಬರೀ ನೀರು ತುಂಬಿ. ನೀರು ತೆಗೆದು ಬದಲಿಸಿದಾಗ ಮಾತ್ರ, ತೆಗೆದಷ್ಟು ನೀರಿನ ಉಪ್ಪನ್ನು ಸೇರಿಸಿ. ನಮ್ಮ 40 ಲೀಟರಿನ ಟ್ಯಾಂಕಿನಲ್ಲಿ 10 ಲೀಟರ್ ಬದಲಿಸಿದರೆ 30 ಗ್ರಾಂ.

ಫಿಲ್ಟರಿನಲ್ಲಿ ಅಮೋನಿಯಾ ಹೀರುವ ಜಿಯೊಲೈಟ್ ಕಲ್ಲು ಇದ್ದರೆ ಉಪ್ಪು ಹಾಕುವ ಮುಂಚೆ ತೆಗೆದಿಡಿ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಆ ಕಲ್ಲು ಅಮೋನಿಯಾ ಹಿಡಿದುಕೊಳ್ಳುವಾಗ ತನ್ನಲ್ಲಿರುವ ಸೋಡಿಯಂ ಬಿಟ್ಟುಕೊಡುತ್ತದೆ. ನೀರಿನಲ್ಲಿ ಸೋಡಿಯಂ ಜಾಸ್ತಿಯಾದರೆ ಇದು ತಿರುಗಾಮುರುಗಾ ಆಗುತ್ತದೆ: ಸೋಡಿಯಂ ಹಿಡಿದು, ಹೀರಿಟ್ಟುಕೊಂಡಿದ್ದ ಅಮೋನಿಯಾವನ್ನು ವಾಪಸು ನೀರಿಗೆ ಬಿಡುತ್ತದೆ. ಕಾಯಿಲೆ ಬಿದ್ದ ಮೀನಿಗೆ ಅದೇ ಕೊನೆಯ ಪೆಟ್ಟಾಗಬಹುದು.

ಮೀನು ಯಾವ ನೀರಿನಿಂದ ಬಂದಿದೆ ಅನ್ನುವುದೂ ಗೊತ್ತಿರಬೇಕು. ಮೊಲಿ ಮೀನು ಗಡಸು ನೀರಿನದ್ದು, ಅಳಿವೆಯ ಉಪ್ಪುನೀರಿನಲ್ಲೂ ಬದುಕುತ್ತದೆ. ಗಪ್ಪಿ, ಗೋಲ್ಡ್‌ಫಿಶ್ ಕೂಡ 3 ಗ್ರಾಂ ಉಪ್ಪನ್ನು ಆರಾಮಾಗಿ ತಡೆಯುತ್ತವೆ. ಕಾರ್ಡಿನಲ್ ಟೆಟ್ರಾ ಹಾಗಲ್ಲ. ಅದರ ತವರು ಬ್ರೆಜಿಲ್ ಕಡೆಯ ರಿಯೊ ನೀಗ್ರೊ ನದಿ. ಅಲ್ಲಿಯ ಕಪ್ಪು ನೀರಿನಲ್ಲಿ ಕರಗಿದ ಲವಣ ಮಳೆನೀರಿನಷ್ಟೇ. ಅಂಥ ನೀರಿನಲ್ಲೂ ಉಪ್ಪು ಹಿಡಿದಿಟ್ಟುಕೊಳ್ಳುವ ಮೈ ಅದರದ್ದು. ನಮ್ಮ ಊರಿನ ಮೀನನ್ನೇ ತೆಗೆದುಕೊಳ್ಳಿ. ಕೇರಳದವರು ಕರಿಮೀನ್ ಅನ್ನುವ ಪರ್ಲ್‌ಸ್ಪಾಟ್ ನಮ್ಮ ಕರಾವಳಿಯ ಅಳಿವೆಗಳಲ್ಲೂ ಇದೆ. ಬೇಸಿಗೆಯಲ್ಲಿ ಉಪ್ಪು, ಮಳೆಗಾಲದಲ್ಲಿ ಸಿಹಿಯಾಗುವ ನೀರಿಗೆ ಅದು ಒಗ್ಗಿಕೊಂಡಿದೆ. ಅದರ ಸೋದರ ಕನಾರಾ ಪರ್ಲ್‌ಸ್ಪಾಟ್. ದಕ್ಷಿಣ ಕನ್ನಡದ ಮೀನಿಗೆ 1877ರಲ್ಲಿ ಮೀನುಶಾಸ್ತ್ರಜ್ಞ ಫ್ರಾನ್ಸಿಸ್ ಡೇ ಕೊಟ್ಟ ಹೆಸರು. ಇದು ನೇತ್ರಾವತಿ, ಕುಮಾರಧಾರಾದ ಕಡೆ ಸಿಹಿನೀರಿನಲ್ಲಿ ಇರುವ ಮೀನು. ನೋಡಲು ಅಣ್ಣತಮ್ಮಂದಿರ ಹಾಗಿದ್ದರೂ ಒಂದಕ್ಕೆ ಹೊಂದುವ ನೀರು ಇನ್ನೊಂದಕ್ಕೂ ಹೊಂದುತ್ತದೆ ಅಂದುಕೊಳ್ಳಬಾರದು. ಕೋರಿ, ಲೋಚ್, ಸಕ್ಕರ್ ಮೀನುಗಳಿಗೆ ನಾನು 2 ಗ್ರಾಂ ದಾಟುವುದಿಲ್ಲ, ಅದನ್ನೂ ಎರಡು ಮೂರು ದಿನಗಳಲ್ಲಿ ಏರಿಸುತ್ತೇನೆ.

ವರ್ಷಪೂರ್ತಿ ಟ್ಯಾಂಕಿನಲ್ಲಿ ಉಪ್ಪು ಇಡುವುದನ್ನು ನಾನು ಒಪ್ಪುವುದಿಲ್ಲ. ಫ್ಲವರ್‌ಹಾರ್ನ್ ಅನ್ನುವ ದೊಡ್ಡ ಮೀನು ಸಾಕುವವರಲ್ಲಿ ಈ ಅಭ್ಯಾಸ ಜಾಸ್ತಿ. ಉಪ್ಪು ಹಾಕಿದಾಗಿಂದ ಮೀನು ಚೆನ್ನಾಗಿದೆ ಅನ್ನುತ್ತಾರೆ. ಇರಬಹುದು. ನೀರಿಗೆ ಹೋಲಿಸಿದರೆ ಮೀನು ದೊಡ್ಡದು, ಊಟ ಜಾಸ್ತಿ, ಫಿಲ್ಟರ್ ಸಣ್ಣದು, ನೈಟ್ರೈಟ್ ಆಗಾಗ ಏರುತ್ತಿರುತ್ತದೆ. ಅದನ್ನು ಉಪ್ಪು ಮರೆಮಾಚುತ್ತಿದೆ. ಅಲ್ಲಿ ಸರಿ ಮಾಡಬೇಕಾದದ್ದು ಫಿಲ್ಟರ್. ಸದಾ ಉಪ್ಪಿದ್ದರೆ ನಿಜವಾಗಿ ರೋಗ ಬಂದ ದಿನ ಏರಿಸಲು ಉಳಿದಿರುವ ಜಾಗವೂ ಕಡಿಮೆ.

ಇನ್ನು ಪ್ರಶ್ನೆಗಳು.

ಒಬ್ಬರು ಕೇಳಿದರು: "ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೋರ್‌ವೆಲ್ ನೀರಿಗೆ ಸಾಫ್ಟ್‌ನರ್ ಇದೆ. ಅದಕ್ಕೆ ಮೂಟೆಗಟ್ಟಲೆ ಉಪ್ಪು ಹಾಕುತ್ತಾರೆ. ಹಾಗಾದರೆ ನೀರಿನಲ್ಲಿ ಉಪ್ಪು ಆಗಲೇ ಇದೆಯಲ್ಲ?"

ಇಲ್ಲ. ಆ ಉಪ್ಪು ಸಾಫ್ಟ್‌ನರಿನ ಒಳಗೆ ಕ್ಯಾಲ್ಸಿಯಂ ಹಿಡಿಯುವ ರಾಳವನ್ನು (ರೆಸಿನ್) ತೊಳೆಯಲಿಕ್ಕೆ. ಅದರ ಕ್ಲೋರೈಡ್ ತೊಳೆದ ನೀರಿನ ಜೊತೆ ಚರಂಡಿಗೆ ಹೋಗುತ್ತದೆ. ನಿಮ್ಮ ನಲ್ಲಿಗೆ ಬರುವುದು ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಸೇರಿಸಿದ ನೀರು. ಟಿಡಿಎಸ್ ಪೆನ್ ಹೆಚ್ಚು ವ್ಯತ್ಯಾಸ ತೋರಿಸುವುದಿಲ್ಲ, ಆದರೆ ಮೀನಿಗೆ ವ್ಯತ್ಯಾಸ ಇದೆ. ಕಿವಿರಿನ ಸೋರಿಕೆ ತಡೆಯುವುದರಲ್ಲಿ ಕ್ಯಾಲ್ಸಿಯಂ ಪಾತ್ರ ದೊಡ್ಡದು. ಸಾಧ್ಯವಾದರೆ ಸಾಫ್ಟ್‌ನರಿಗೆ ಹೋಗುವ ಮುಂಚಿನ ನೀರನ್ನೇ ಹಿಡಿದು ಟ್ಯಾಂಕಿಗೆ ಬಳಸಿ. ಬರೀ ಆರ್‌ಓ ನೀರಿನಲ್ಲಿ ಮೀನು ಇಟ್ಟವರಿಗೂ ಇದೇ ಮಾತು. ಅದಕ್ಕೆ ಬೇಕಿರುವುದು ಅಡುಗೆ ಉಪ್ಪಲ್ಲ, ಕ್ಯಾಲ್ಸಿಯಂ ಮೆಗ್ನೀಸಿಯಂ ಇರುವ ನೀರಿನ ಬೆರಕೆ.

ಇನ್ನೊಂದು ಪ್ರಶ್ನೆ: "ಟ್ಯಾಂಕ್ ತುಂಬ ಗಿಡ ಇದೆ, ಸೀಗಡಿ ಇದೆ, ಈಗ ಇಕ್ ಬಂದಿದೆ. ಏನು ಮಾಡಲಿ?"

ಎಲ್ಲ ಮೀನುಗಳನ್ನೂ ಹೊರಗೆ ತೆಗೆಯಿರಿ, ಒಂದೂ ಬಿಡದೆ. ಚಿಕಿತ್ಸೆ ಟಬ್ಬಿನಲ್ಲಿ ಆಗಲಿ. ಗಿಡ, ಸೀಗಡಿ, ಬಸವನಹುಳು ಟ್ಯಾಂಕಿನಲ್ಲೇ ಇರಲಿ, ನೀರು 25 ಡಿಗ್ರಿಗಿಂತ ಮೇಲಿರಲಿ. ಮೀನು ಸಿಗದೆ ರೋಗದ ಮರಿಗಳು ತಾವಾಗಿಯೇ ಸಾಯುತ್ತವೆ. ಎರಡು ವಾರ ಬಿಟ್ಟು ಮೀನನ್ನು ವಾಪಸು ಬಿಡಬಹುದು. ಟಬ್ಬಿನ ಬಲೆಯನ್ನು ಆ ಟ್ಯಾಂಕಿಗೆ ಅದ್ದಬೇಡಿ, ಒದ್ದೆ ಕೈಯನ್ನೂ ಹಾಕಬೇಡಿ.

ಕೊನೆಗೆ ಒಬ್ಬರು, "ಗುಣವಾಯಿತು ಅಂದುಕೊಳ್ಳಿ, ಉಪ್ಪನ್ನು ತೆಗೆಯೋದು ಹೇಗೆ?" ಅಂತ ಕೇಳಿದರು.

ನೀರು ಬದಲಿಸುವುದು ಬಿಟ್ಟರೆ ಬೇರೆ ದಾರಿ ಇಲ್ಲ, ಅದೂ ನಿಧಾನವಾಗಿ. ಒಂದೇ ದಿನ ಎಲ್ಲ ತೆಗೆದರೆ ಮೀನಿನ ಮೇಲೆ ಮತ್ತೆ ಆ ಹಳೆಯ ಹೊರೆ ದಿಢೀರನೆ ಬೀಳುತ್ತದೆ. ಎರಡು ಮೂರು ದಿನಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ, ಹೊಸ ನೀರಿಗೆ ಉಪ್ಪು ಹಾಕಬೇಡಿ. 3 ಗ್ರಾಂ ಇದ್ದದ್ದು ಮೊದಲ ಸಲಕ್ಕೆ 2.25, ಎರಡನೆಯದಕ್ಕೆ ಸುಮಾರು 1.7, ಮೂರನೆಯದಕ್ಕೆ 1.3, ನಾಲ್ಕನೆಯದಕ್ಕೆ 1ರ ಒಳಗೆ ಬರುತ್ತದೆ. ಉಳಿದದ್ದು ಮಾಮೂಲಿ ವಾರದ ಬದಲಾವಣೆಯಲ್ಲೇ ಹೋಗುತ್ತದೆ. ಮತ್ತೆ, ಈ ನೀರನ್ನು ತುಳಸಿಗೋ ಕರಿಬೇವಿನ ಕುಂಡಕ್ಕೋ ಸುರಿಯಬೇಡಿ. ಟ್ಯಾಂಕಿನ ನೀರು ಗಿಡಕ್ಕೆ ಒಳ್ಳೆಯದು ಅಂತ ನಾವೆಲ್ಲ ಹಾಕುತ್ತೇವೆ, ನಿಜ. ಆದರೆ ಲೀಟರಿಗೆ 3 ಗ್ರಾಂ ಉಪ್ಪಿರುವ ನೀರು ಕುಂಡದ ಮಣ್ಣಿನಲ್ಲಿ ಉಳಿದು ಬೇರನ್ನು ಸುಡುತ್ತದೆ. ಪೆನ್ ತೋರಿಸುವ ಸಂಖ್ಯೆ ನಿಮ್ಮ ನಲ್ಲಿ ನೀರಿನ ಹತ್ತಿರಕ್ಕೆ ಇಳಿಯುವ ತನಕ ಅದನ್ನು ಬಚ್ಚಲಿಗೇ ಬಿಡಿ, ಆಮೇಲೆ ಗಿಡಕ್ಕೆ ಹಾಕಿ.